ಖಾಲಿ ಜಾಗಕ್ಕೆ ಎಳೆದ ಗೆರೆ

ಎಡಗಡೆಯ ಜಡೆ ಮುಗಿದಿತ್ತು. ಬಲಗಡೆಯ ಕೂದಲನ್ನು ಮೂರು ಎಳೆ ಮಾಡಿ ಆಗಷ್ಟೇ ಕೈಗೆ ತೆಗೆದುಕೊಂಡಿದ್ದಳು. ಮೋಟು ಸ್ಟೂಲಿನ ಮೇಲೆ ಬೆನ್ನು ಹಾಕಿ ಕೂತಿದ್ದ ಮಗಳು, ಎದುರಿನ ಗೋಡೆಗೆ ಹೇಳುವ ಹಾಗೆ, "ಅಮ್ಮ, ಒಂದು ಕೇಳ್ಲಾ?" ಅಂದಳು.

"ಒಂದ್ಯಾಕೆ, ಹತ್ತು ಕೇಳು. ತಲೆ ಮಾತ್ರ ಅಲ್ಲಾಡಿಸ್ಬೇಡ."

ಮಗಳು ಉಸಿರು ಎಳೆದುಕೊಂಡಳು. ಅಷ್ಟರಲ್ಲಿ ಅಡುಗೆಕಟ್ಟೆಯ ಮೇಲಿದ್ದ ಫೋನು ಬಾಯಿ ಬಡಿದುಕೊಳ್ಳತೊಡಗಿತು. ಒಂದು ಕೈಯಲ್ಲಿ ಕೂದಲು ಹಿಡಿದುಕೊಂಡೇ ಇನ್ನೊಂದು ಕೈ ಚಾಚಿ ಫೋನು ಎತ್ತಿಕೊಂಡಳು. ಯಾರೆಂದು ನೋಡಿದ್ದೇ ತಡ, ಕೂದಲು ಕೈಯಿಂದ ಜಾರಿತು. ನರ್ಸಿಂಗ್ ಹೋಮಿನ ದೊಡ್ಡ ಡಾಕ್ಟ್ರು.

"ಸಿಸ್ಟರ್, ಎದ್ದಿದ್ದೀರಾ?"

"ಎದ್ದು ಮೂರು ಗಂಟೆ ಆಯ್ತು ಸರ್."

"ಸಮಿತಿಯವರ ಸಭೆ ಮುಂದಿನ ವಾರ ಅಲ್ವಂತೆ, ಇವತ್ತೇ ಅಂತೆ. ಹನ್ನೊಂದಕ್ಕೆ. ಒಬ್ಬ ನರ್ಸ್ ಬಾಯಿಂದಾನೂ ಕೇಳ್ಬೇಕು ಅಂದಿದ್ದಾರೆ. ನೀವೇ ಬರ್ಬೇಕು. ಯೂನಿಫಾರ್ಮ್ ಹಾಕ್ಕೊಂಡು ಬನ್ನಿ."

"ಇವತ್ತು ನನಗೆ ರಜಾ ಸರ್. ಇವಳಿಗೂ ಸ್ಕೂಲಿಲ್ಲ, ಮೇಷ್ಟ್ರುಗಳಿಗೇನೋ ತರಬೇತಿಯಂತೆ. ಇವಳನ್ನ ಒಬ್ಬಳೇ ಬಿಟ್ಟು..."

ಆ ಬದಿಯಲ್ಲಿ ಯಾರೋ ಡಾಕ್ಟರ ಕಿವಿಯಲ್ಲಿ ಪಿಸುಗುಟ್ಟಿದ್ದು ಕೇಳಿಸಿತು. ಆಮೇಲೆ ಡಾಕ್ಟರ ದನಿ ಸ್ವಲ್ಪ ಇಳಿಯಿತು. "ಮಗೂನೂ ಕರ್ಕೊಂಡ್ಬನ್ನಿ. ಒಳ್ಳೇದೇ ಆಯ್ತು ಅಂತಿದ್ದಾರೆ ನಮ್ಮ ಸಂಘದ ಕಾರ್ಯದರ್ಶಿ. ನಮ್ಮಲ್ಲೇ ಹುಷಾರಾದ ಮಗು ಅಲ್ವಾ."

ಫೋನಿಟ್ಟು ತಿರುಗಿದಾಗ ಮಗಳು ಸ್ಟೂಲಿನಿಂದ ಎದ್ದಾಗಿತ್ತು. ತಲೆಯ ಒಂದು ಪಕ್ಕ ಜಡೆ, ಇನ್ನೊಂದು ಪಕ್ಕ ಬಿಚ್ಚುಗೂದಲು.

"ಏನೋ ಕೇಳ್ಬೇಕು ಅಂದ್ಯಲ್ಲೇ?"

"ಏನಿಲ್ಲ."

ಈ 'ಏನಿಲ್ಲ' ಅನ್ನುವ ಮಾತು ಮೂರು ತಿಂಗಳಿಂದ ಈಚೆಗೆ ಬಂದದ್ದು. ಅದಕ್ಕೆ ಮುಂಚೆ ಆ ಮಗುವಿನ ಬಾಯಲ್ಲಿ ಅದಿರಲಿಲ್ಲ. ನಾಮಕರಣದ ಹೆಸರು ಶಾಲೆಯ ಹಾಜರಿಯಲ್ಲಿ ಮಾತ್ರ ಇತ್ತು. ಮನೆಯಲ್ಲಿ, ಬೀದಿಯಲ್ಲಿ, ಅವಳಪ್ಪ ಓಡಿಸುವ ಬಸ್ಸಿನಲ್ಲಿ ಕೂಡ ಎಲ್ಲರಿಗೂ ಅವಳು ಪಿಟೀಲು. ಬೆಳಗಿನಿಂದ ಸಂಜೆಯವರೆಗೆ ಒಂದೇ ರಾಗ ಕುಯ್ಯುತ್ತಾಳೆ ಎಂದು ಅವಳಪ್ಪನೇ ಇಟ್ಟ ಹೆಸರು. ಸ್ನಾನದ ಮನೆಯಿಂದ "ಅಮ್ಮಾ ಟವೆಲ್", ಮಂಚದಿಂದ "ಅಮ್ಮಾ ನೀರು", ಬಾಗಿಲಿನಿಂದ "ಅಮ್ಮಾ ಬೆಕ್ಕು". ಮುಖ್ಯವಾದ ಪ್ರಶ್ನೆಗಳು ಮಾತ್ರ ಜಡೆ ಹಾಕಿಸಿಕೊಳ್ಳುವ ಹೊತ್ತಿಗೆ ಮೀಸಲು. ಮುಖ ಆ ಕಡೆ ಇರುತ್ತದಲ್ಲ, ಕೇಳುವುದಕ್ಕೆ ಧೈರ್ಯ ಬರುತ್ತದೆ. ನಾನು ಹುಟ್ಟದೇ ಇದ್ದಿದ್ರೆ ಯಾರಿಗೆ ಜಡೆ ಹಾಕ್ತಿದ್ದೆ? ಅಪ್ಪಂಗೆ ಬಸ್ಸು ಇಷ್ಟಾನಾ ನೀನು ಇಷ್ಟಾನಾ?

ಮೂರು ತಿಂಗಳ ಹಿಂದೆ ಮಗುವಿಗೆ ಜ್ವರ ಬಂದು ನಾಲ್ಕು ದಿನ ನರ್ಸಿಂಗ್ ಹೋಮಿನಲ್ಲಿ ಮಲಗಬೇಕಾಯಿತು. ಅದೇ ನರ್ಸಿಂಗ್ ಹೋಮ್, ಅಮ್ಮ ಕೆಲಸ ಮಾಡುವುದೂ ಅಲ್ಲೇ. ಜ್ವರ ಬಿಟ್ಟಿತು, ಮನೆಗೆ ಬಂದರು. ಪಿಟೀಲಿನ ತಂತಿ ಮಾತ್ರ ಅಲ್ಲೇ ಎಲ್ಲೋ ಕಡಿದುಹೋಗಿತ್ತು. ಈಗ ಟವೆಲ್ ಬೇಕಾದರೆ ಮಗಳು ಕೂಗುವುದಿಲ್ಲ. ತೊಟ್ಟಿಕ್ಕುವ ಮೈಯಲ್ಲೇ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಾಳೆ. ಅಮ್ಮ ತಾನಾಗಿ ತಿರುಗಿ ನೋಡುವವರೆಗೆ ನಿಂತೇ ಇರುತ್ತಾಳೆ.

"ದೊಡ್ಡವಳಾಗ್ತಿದ್ದಾಳೆ ಬಿಡು" ಎಂದ ಗಂಡ. ಅವಳು ಹೂಂ ಅಂದಿದ್ದಳು. ಒಳಗೆ ಗೊತ್ತಿತ್ತು, ಅದಲ್ಲ.

ಗಂಡ ಬೆಳಗಿನ ಮೊದಲ ಬಸ್ಸಿಗೇ ಹೋಗಿದ್ದ. ಅವನಿಗೊಂದು ಚೀಟಿ ಬರೆದು ಬಾಗಿಲ ಹಿಂದೆ ಅಂಟಿಸಿದಳು: '8.40. ಆರೋಗ್ಯ ಇಲಾಖೆಗೆ ಹೋಗಿದ್ದೇವೆ. ಅನ್ನ ಮುಚ್ಚಿಟ್ಟಿದೆ.' ಬರೆದು, ಉಳಿದ ಜಾಗಕ್ಕೆ ಕೆಳಗಿನ ಮೂಲೆಯವರೆಗೆ ಓರೆಯಾಗಿ ಒಂದು ಗೆರೆ ಎಳೆದಳು. ಇದನ್ನು ನೋಡಿದಾಗಲೆಲ್ಲ ಗಂಡ ನಗುತ್ತಿದ್ದ. "ಏನ್ರೀ ಸಿಸ್ಟರ್, ಚೀಟಿಗೂ ಹೊಲಿಗೆ ಹಾಕಿದ್ರಾ?" ಮದುವೆಯಾದ ಹೊಸದರಲ್ಲಿ ಅವನೂ ಎಲ್ಲರಂತೆ ಅವಳನ್ನು ಸಿಸ್ಟರ್ ಎಂದೇ ರೇಗಿಸುತ್ತಿದ್ದ. "ಕಟ್ಕೊಂಡ ಹೆಂಡ್ತೀನ ಸಿಸ್ಟರ್ ಅಂತೀಯಲ್ಲೋ, ಬುದ್ಧಿ ನೆಟ್ಟಗಿದ್ಯಾ?" ಎಂದು ಅವನಮ್ಮ ಬೈದ ಮೇಲೆ ಸ್ವಲ್ಪ ಕಡಿಮೆಯಾಗಿತ್ತು.

ಹೊರಡುವ ಗಡಿಬಿಡಿಯಲ್ಲಿ ಜಡೆ ಹಾಗೇ ಉಳಿದುಹೋಯಿತು. ಬಸ್ಸಿನಲ್ಲಿ ಕಿಟಕಿ ಪಕ್ಕ ಮಗಳು, ಈಚೆ ಅವಳು. ಇಸ್ತ್ರಿ ಮಾಡಿದ ಬಿಳಿ ಯೂನಿಫಾರ್ಮು ಮುದುಡದ ಹಾಗೆ ನೆಟ್ಟಗೆ ಕೂತಿದ್ದಳು. ಮನಸ್ಸು ಮಾತ್ರ ಮುದುಡಿಯೇ ಇತ್ತು.

ಸರ್ಕಾರ ಒಂದು ಹೊಸ ನಿಯಮದ ಕರಡು ಹೊರಡಿಸಿ, ಅದರ ಮೇಲೆ ಎಲ್ಲರ ಅಭಿಪ್ರಾಯ ಕೇಳಲು ಒಂದು ಸಮಿತಿ ಮಾಡಿತ್ತು. ಸಣ್ಣದಿರಲಿ ದೊಡ್ಡದಿರಲಿ, ಯಾವ ಆಸ್ಪತ್ರೆಯಲ್ಲೇ ಆಗಲಿ, ಆರು ಹಾಸಿಗೆಗೆ ಒಬ್ಬ ನರ್ಸ್ ಇರಲೇಬೇಕು, ಹಗಲೂ ರಾತ್ರಿಯೂ ಭಾನುವಾರವೂ. ಅವಳ ನರ್ಸಿಂಗ್ ಹೋಮಿನಲ್ಲಿ ಇಪ್ಪತ್ತೆರಡು ಹಾಸಿಗೆ. ಭಾನುವಾರ ಇರುವುದು ಒಬ್ಬ ನರ್ಸು, ಒಬ್ಬ ಆಯಾ.

ಕರಡು ಬಂದ ವಾರವೇ ಸಣ್ಣ ಆಸ್ಪತ್ರೆಗಳ ಮಾಲೀಕರ ಸಂಘ ಎದ್ದು ಕೂತಿತು. ಸಂಘದ ಕಾರ್ಯದರ್ಶಿ ಇಲಾಖೆಯ ಮೆಟ್ಟಿಲು ಹತ್ತಿ ಇಳಿದು ಚಪ್ಪಲಿ ಸವೆಸಿದ. ಅವನ ಅಂಗಿಯಲ್ಲಿ ಒಂದು ಸುಕ್ಕನ್ನೂ ಯಾರೂ ಕಂಡವರಿಲ್ಲ. ಅದಕ್ಕೇ ನರ್ಸುಗಳು ಅವನಿಗೆ ಇಸ್ತ್ರಿಪೆಟ್ಟಿಗೆ ಎಂದು ಹೆಸರಿಟ್ಟಿದ್ದರು. ಸಮಿತಿಗೆ ಮಾಲೀಕರ ಮಾತಿಗಿಂತ ರೋಗಿಗಳ ಮಾತು ನಾಟುತ್ತದೆ ಎಂದು ಅವನಿಗೆ ಗೊತ್ತಿತ್ತು. ಒಂದು ಮಾದರಿ ಪತ್ರ ತಂದು ಅವಳ ಮೇಜಿನ ಮೇಲಿಟ್ಟ. 'ಈ ನಿಯಮದಿಂದ ನಮ್ಮ ಬಡಾವಣೆಯ ಆಸ್ಪತ್ರೆ ಮುಚ್ಚಿಹೋದರೆ ನಮಗೆ ಬೇರೆ ದಿಕ್ಕಿಲ್ಲ.' ರೋಗಿಗಳಿಂದ ಬರೆಸಿ ಎಂದ.

ಬರೆಯಬಲ್ಲವರಿಗೆ ಕೈಯಲ್ಲಿ ಸೂಜಿ; ಸೂಜಿ ಇಲ್ಲದವರಿಗೆ ಬರೆಯಲು ಬಾರದು. ಕೊನೆಗೆ ಡ್ಯೂಟಿ ಮೇಜಿನ ಮುಂದೆ ಕೂತು ನಲವತ್ತೊಂದನ್ನೂ ಅವಳೇ ಬರೆದಳು. ಎಲ್ಲವೂ ಒಂದೇ ರೀತಿ ಕಾಣಬಾರದು ಎಂದು ಒಂದು ಅಕ್ಷರ ದೊಡ್ಡದು, ಒಂದು ಸಣ್ಣದು, ಒಂದು ನೀಲಿ, ಒಂದು ಕಪ್ಪು. ಓದಿ ಹೇಳಿ ಸಹಿ ಹಾಕಿಸಿದಳು. "ನೀವು ಹೇಳಿದ ಮೇಲೆ ಮುಗೀತು ಸಿಸ್ಟರ್" ಎಂದು ಕೆಲವರು ಓದಿಸಿಕೊಳ್ಳದೆಯೇ ಹೆಬ್ಬೆಟ್ಟು ಒತ್ತಿದರು. ಆ ನಂಬಿಕೆಯೇ ಅವಳನ್ನು ಚುಚ್ಚಿದ್ದು.

ಹಾಗಂತ ಪತ್ರದಲ್ಲಿದ್ದದ್ದು ಸುಳ್ಳಾ? ಅದೂ ಅಲ್ಲ. ದೊಡ್ಡ ಡಾಕ್ಟ್ರು ಕೆಟ್ಟ ಮನುಷ್ಯ ಅಲ್ಲ. ಊಟದ ಹೊತ್ತಿನಲ್ಲಿ ಬಾಗಿಲು ತಟ್ಟಿದರೂ ಕೈ ತೊಳೆದು ಬರುವವರು. ಅವಳ ಅಪ್ಪನ ಕೊನೆಯ ದಿನಗಳಲ್ಲಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತವರು. ಇನ್ನಷ್ಟು ನರ್ಸುಗಳನ್ನು ಇಟ್ಟುಕೊಳ್ಳಲು ಅವರಿಂದಾಗದು, ಮಹಡಿಯ ವಾರ್ಡು ಮುಚ್ಚಬೇಕಾಗುತ್ತದೆ ಅನ್ನುವುದೂ ನಿಜವೇ. ಭಾನುವಾರ ಒಬ್ಬ ನರ್ಸು ಸಾಲದು ಅನ್ನುವುದೂ ನಿಜವೇ. ಎರಡು ನಿಜ ಒಂದೇ ಹೊಟ್ಟೆಯಲ್ಲಿ ಕೂತು ಜಗಳ ಆಡುತ್ತಿದ್ದರೆ ಯಾರಿಗೆ ತಾನೇ ನಿದ್ದೆ ಬರುತ್ತದೆ?

ಇಲಾಖೆಯ ಮೂರನೇ ಮಹಡಿಯ ಉದ್ದದ ಕಾರಿಡಾರಿನಲ್ಲಿ ಗೋಡೆಗುಂಟ ಮರದ ಬೆಂಚುಗಳು. ಒಂದು ಕಡೆ ಟೈ ಕಟ್ಟಿದ ಮೂವರು ತೊಡೆಯ ಮೇಲೆ ದಪ್ಪ ಫೈಲು ಇಟ್ಟುಕೊಂಡು ಕೂತಿದ್ದರು. ಡಾಕ್ಟರ ಜೊತೆ ಮೊದಲೇ ಬಂದಿದ್ದ ಇಸ್ತ್ರಿಪೆಟ್ಟಿಗೆ ಅವರ ಕಡೆ ಹುಬ್ಬು ಹಾರಿಸಿದ.

"ನೋಡಿದ್ರಾ? ದೊಡ್ಡಾಸ್ಪತ್ರೆಯೋರು. ಈ ನಿಯಮ ಬರ್ಲಿ ಅಂತ ಹಗಲೂ ರಾತ್ರಿ ಓಡಾಡ್ತಿದ್ದಾರೆ. ಅವರ ಹತ್ರ ನರ್ಸುಗಳಿದ್ದಾರೆ, ನಮ್ಮ ಹತ್ರ ಇಲ್ಲ. ನಾವು ಬಾಗಿಲು ಹಾಕಿದ್ರೆ ನಮ್ಮ ರೋಗಿಗಳೆಲ್ಲ ನೆಟ್ಟಗೆ ಅವರ ಬಾಗಿಲಿಗೆ. ನರ್ಸುಗಳ ಮೇಲಿನ ಪ್ರೀತಿ ಅಂತ ತಿಳ್ಕೊಂಡ್ರಾ?"

"ನಮ್ಮ ಮೇಲೆ ಯಾರಿಗೆ ಸರ್ ಪ್ರೀತಿ" ಅಂದಳು ಅವಳು.

ಡಾಕ್ಟರು ನಕ್ಕರು. ಇಸ್ತ್ರಿಪೆಟ್ಟಿಗೆ ನಗಲಿಲ್ಲ, ಬಗ್ಗಿ ಮಗುವಿನ ಕೆನ್ನೆ ಮುಟ್ಟಿದ. "ಪುಟ್ಟೀ, ನಿಂಗೆ ಜ್ವರ ಬಂದಾಗ ಯಾರು ವಾಸಿ ಮಾಡಿದ್ದು?"

ಮಗಳು ಅಮ್ಮನ ಸೆರಗಿಲ್ಲದ ಯೂನಿಫಾರ್ಮಿನಲ್ಲಿ ಹಿಡಿದುಕೊಳ್ಳಲು ಏನೂ ಸಿಗದೆ ಜೇಬಿನ ಅಂಚು ಹಿಡಿದುಕೊಂಡಳು.

"ಡಾಕ್ಟ್ರಂಕಲ್ ಅನ್ಬೇಕು. ಆಯ್ತಾ? ಒಳಗೆ ಕೇಳಿದ್ರೆ ಹಾಗೇ ಅನ್ನು, ಜಾಣೆ." ಆಮೇಲೆ ಅವಳ ಕಡೆ ತಿರುಗಿ, "ಸಿಸ್ಟರ್, ನೀವು ಹೆಚ್ಚು ಮಾತಾಡೋದೇ ಬೇಡ. ಸಾಕಷ್ಟು ಜನ ಇದ್ದೀವಿ, ತೊಂದ್ರೆ ಇಲ್ಲ, ಅಷ್ಟೇ. ಮಗೂಗೆ ಯಾಕೆ ಒಂದೇ ಜಡೆ?"

"ನಿಮ್ಮ ಫೋನು ಬಂತಲ್ಲ ಸರ್."

ಒಳಗೆ ಕರೆದರು. ಉದ್ದದ ಮೇಜು, ಮುಚ್ಚಳ ಮುಚ್ಚಿದ ನೀರಿನ ಲೋಟಗಳು, ಕಟಕಟ ಅನ್ನುವ ಫ್ಯಾನು. ನಡುವೆ ಕೂತಿದ್ದ ಅಧ್ಯಕ್ಷೆಗೆ ಬಿಳಿ ಕೂದಲು, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ. ಮಗಳನ್ನು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಇಸ್ತ್ರಿಪೆಟ್ಟಿಗೆ ಚೆನ್ನಾಗಿಯೇ ಮಾತಾಡಿದ. ಡಾಕ್ಟರೂ ಮಾತಾಡಿದರು, ಸ್ವಲ್ಪ ತೊದಲಿದರು. ಅವರು ತೊದಲಿದ ಕಡೆಯೇ ನಿಜ ಹೆಚ್ಚಿತ್ತು ಅನ್ನಿಸಿತು ಅವಳಿಗೆ. ಎಲ್ಲ ಕೇಳಿಸಿಕೊಂಡು ಅಧ್ಯಕ್ಷೆ ಕನ್ನಡಕ ಏರಿಸಿ, ದಾರ ಕಟ್ಟಿದ ಪತ್ರಗಳ ಕಟ್ಟನ್ನು ಬಿಚ್ಚಿದರು.

"ನಲವತ್ತೊಂದು ಪತ್ರ. ಎಲ್ಲಾನೂ ಓದಿದೆ. ನೀವೇನಾ ಸಿಸ್ಟರ್?"

"ಹೌದು ಮೇಡಂ."

"ಎಷ್ಟು ವರ್ಷ ಆಯ್ತು ಕೆಲಸಕ್ಕೆ ಸೇರಿ?"

"ಹದಿನಾಲ್ಕು."

"ನಾನು ಈ ಕುರ್ಚಿಗೆ ಬರೋ ಮುಂಚೆ ಮೂವತ್ತೊಂದು ವರ್ಷ ವಾರ್ಡಿನಲ್ಲಿ ನರ್ಸಾಗಿದ್ದೆ. ಮೇಟ್ರನ್ ಆಗಿ ನಿವೃತ್ತಿ ಆದೋಳು." ಅವರು ಐದಾರು ಪತ್ರ ಮೇಜಿನ ಮೇಲೆ ಇಸ್ಪೀಟಿನ ಎಲೆಗಳ ಹಾಗೆ ಹರಡಿದರು. "ನಿಮ್ಮ ರೋಗಿಗಳು ಭಲೇ ಶಿಸ್ತಿನ ಜನ ಕಣ್ರೀ. ಪ್ರತಿಯೊಬ್ರೂ ಪತ್ರದ ಅಂಚಿನಲ್ಲಿ ಟೈಮು ಹಾಕಿದ್ದಾರೆ. ಮಧ್ಯಾಹ್ನ ಎರಡೂ ಇಪ್ಪತ್ತಕ್ಕೆ ಹದಿನಾಲ್ಕು ಇಪ್ಪತ್ತು ಅಂತ. ಅಷ್ಟೇ ಅಲ್ಲ, ಬರೆದು ಮುಗಿದ ಮೇಲೆ ಖಾಲಿ ಜಾಗಕ್ಕೆಲ್ಲ ಮೂಲೆವರೆಗೂ ಗೆರೆ ಎಳೆದಿದ್ದಾರೆ. ನಲವತ್ತೊಂದು ಜನಾನೂ."

ಅವಳಿಗೆ ಕಿವಿಯವರೆಗೂ ಬಿಸಿಯೇರಿತು. ಅಕ್ಷರ ಬದಲಾಯಿಸಿದ್ದಳು, ಶಾಯಿ ಬದಲಾಯಿಸಿದ್ದಳು. ಆ ಗೆರೆ ಎಳೆದದ್ದು ಅವಳಿಗೇ ಗೊತ್ತಿರಲಿಲ್ಲ. ಹದಿನಾಲ್ಕು ವರ್ಷದಿಂದ ರೋಗಿಯ ಹಾಳೆಯ ಮೇಲೆ ಪ್ರತಿ ದಿನ ಎಳೆದ ಗೆರೆ, ಕೈ ತಾನಾಗಿ ಎಳೆದುಬಿಟ್ಟಿತ್ತು.

"ಗೆರೆ ಯಾಕೆ ಎಳೀತೀವಿ ಹೇಳಿ ಸಿಸ್ಟರ್. ಇಲ್ಲಿ ಉಳಿದೋರಿಗೆ ಗೊತ್ತಿಲ್ಲ."

"ಬರೆದು ಆದ ಮೇಲೆ... ಯಾರೂ ಏನೂ ಸೇರಿಸಬಾರದು ಅಂತ ಮೇಡಂ."

"ಹೂಂ. ಈಗ ನಾನು ಕೇಳ್ತಿದ್ದೀನಿ. ನಿಮಗೆ ಸೇರಿಸೋದು ಏನಾದ್ರೂ ಇದ್ಯಾ?"

ಆ ಹೆಂಗಸಿನ ದನಿಯಲ್ಲಿ ಗದರಿಕೆ ಇರಲಿಲ್ಲ. ಅದೇ ಕಷ್ಟವಾಯಿತು. ಗದರಿದ್ದರೆ ತಲೆ ತಗ್ಗಿಸಿ ಬಂದುಬಿಡಬಹುದಿತ್ತು. ಇಸ್ತ್ರಿಪೆಟ್ಟಿಗೆ ಗಂಟಲು ಸರಿಮಾಡಿಕೊಂಡ. ಅವಳು ಅವನತ್ತ ನೋಡಲಿಲ್ಲ, ಡಾಕ್ಟರತ್ತ ನೋಡಿದಳು. ಅವರು ಏನೂ ಸನ್ನೆ ಮಾಡಲಿಲ್ಲ.

"ಪತ್ರ ಎಲ್ಲ ಬರೆದಿದ್ದು ನಾನೇ ಮೇಡಂ. ಸಹಿ ಅವರದ್ದು. ಕೆಲವರು ಓದಿಸಿಕೊಳ್ದೇ ಹಾಕಿದ್ರು, ಅದು ನನ್ನ ತಪ್ಪು. ಆದ್ರೆ ಅದರಲ್ಲಿರೋದು ಸುಳ್ಳಲ್ಲ. ನಮ್ಮ ಡಾಕ್ಟ್ರು ಬಾಗಿಲು ಹಾಕಿದ್ರೆ ನಮ್ಮ ಬಡಾವಣೆ ಜನಕ್ಕೆ ನಿಜವಾಗ್ಲೂ ಬೇರೆ ಗತಿ ಇಲ್ಲ."

"ಸರಿ. ಮತ್ತೆ?"

"ಮತ್ತೆ... ಒಂದು ಭಾನುವಾರ. ಮಧ್ಯಾಹ್ನ ಮೂರೂವರೆ. ಇಪ್ಪತ್ತೆರಡು ಹಾಸಿಗೇನೂ ತುಂಬಿತ್ತು. ಆಯಾ ಒಬ್ಬರನ್ನ ಎಕ್ಸ್‌ರೇಗೆ ಕರ್ಕೊಂಡ್ಹೋಗಿದ್ಳು. ನಾನೊಬ್ಳೇ. ಎರಡು ಬೆಲ್ಲು ಒಟ್ಟಿಗೆ ಹೊಡ್ಕೊಂಡ್ವು. ನಾಲ್ಕನೇ ಬೆಡ್ಡು, ಹನ್ನೊಂದನೇ ಬೆಡ್ಡು."

"ಯಾವ ಬೆಡ್ಡು ಅಂತ ಹೇಗೆ ಗೊತ್ತಾಗತ್ತೆ?" ಮೇಜಿನ ತುದಿಯಲ್ಲಿ ಬರೆದುಕೊಳ್ಳುತ್ತಿದ್ದವರು ಕೇಳಿದರು.

"ಮೇಜಿನ ಮುಂದೆ ಒಂದು ಬೋರ್ಡಿದೆ ಸರ್. ಬೆಲ್ಲು ಒತ್ತಿದ ಬೆಡ್ಡಿನ ನಂಬರ್ ಕೆಂಪಗೆ ಹತ್ಕೊಳ್ಳತ್ತೆ. ನಾಲ್ಕರಲ್ಲಿ ಒಬ್ಬರು ವಯಸ್ಸಾದೋರು, ಅವರಿಗೆ ಉಸಿರಿನ ತೊಂದ್ರೆ. ನಾನು ಅಲ್ಲಿಗೆ ಹೋದೆ. ಹೋಗಿದ್ದಕ್ಕೆ ಅವರು ಉಳಿದ್ರು. ಇಪ್ಪತ್ತು ನಿಮಿಷ ಆಯ್ತು. ಆ ಇಪ್ಪತ್ತು ನಿಮಿಷಾನೂ ಹನ್ನೊಂದನೇ ಬೆಲ್ಲು ಹೊಡ್ಕೊಳ್ತಾನೇ ಇತ್ತು. ಆಮೇಲೆ ನಿಂತೋಯ್ತು. ನಿಂತಾಗ ಇನ್ನೂ ಹೆಚ್ಚು ಹೆದರಿಕೆ ಆಯ್ತು ಮೇಡಂ."

"ಹನ್ನೊಂದರಲ್ಲಿ?"

"ಒಂದು ಮಗು. ಡ್ರಿಪ್ಪಿನ ಸೂಜಿ ಜರುಗಿ ನೀರೆಲ್ಲ ಕೈಗೇ ಇಳಿದಿತ್ತು. ಕೈ ಬನ್ನಿನ ಹಾಗೆ ಊದಿತ್ತು, ವಾಂತಿಯಲ್ಲೇ ಮಲಗಿತ್ತು. ದೊಡ್ಡದೇನೂ ಆಗ್ಲಿಲ್ಲ. ಮೂರು ದಿನಕ್ಕೆ ಊತ ಇಳೀತು. ರಿಜಿಸ್ಟರಲ್ಲಿ ಎರಡು ಸಾಲು ಬರೆದೆ. ಉಳಿದ ಜಾಗಕ್ಕೆ ಗೆರೆ ಎಳೆದೆ."

ಯಾರ ಮಗು ಎಂದು ಅವಳು ಹೇಳಲಿಲ್ಲ, ಅಧ್ಯಕ್ಷೆ ಕೇಳಲಿಲ್ಲ. ಕನ್ನಡಕದ ಮೇಲಿನಿಂದ ಅವರ ಕಣ್ಣು ಒಂದು ಸಲ ಗೋಡೆಯ ಪಕ್ಕದ ಕುರ್ಚಿಯತ್ತ, ನೆಲಕ್ಕೆ ತಾಗದ ಆ ಕಾಲುಗಳತ್ತ ಹೋಗಿ ಬಂತು. ಡಾಕ್ಟರು ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದವರು ನಿಲ್ಲಿಸಿದರು.

"ನಿಯಮ ಬೇಕೋ ಬೇಡ್ವೋ ಅನ್ನೋದು ನನ್ನ ತಲೆಗೆ ಮೀರಿದ್ದು" ಎಂದಳು ಅವಳು. "ಆಸ್ಪತ್ರೇನೂ ಉಳೀಬೇಕು, ಬೆಲ್ಲು ಹೊಡ್ದಾಗ ಹೋಗೋಕೆ ಒಬ್ಬರಾದ್ರೂ ಇರ್ಬೇಕು. ದಾರಿ ಹುಡುಕೋರು ನೀವು. ಎರಡೂ ಬರ್ಕೊಳ್ಳಿ ಮೇಡಂ. ಒಂದನ್ನೇ ಬರ್ಕೋಬೇಡಿ."

"ಎರಡೂ ಬರ್ಕೊಳ್ಳಿ" ಎಂದರು ಅಧ್ಯಕ್ಷೆ, ಮೇಜಿನ ತುದಿಗೆ. "ಅದರ ಕೆಳಗೆ ಗೆರೆ ಎಳೀಬೇಡಿ, ಜಾಗ ಬಿಡಿ."

ಹೊರಗೆ ಬಂದದ್ದೇ ಇಸ್ತ್ರಿಪೆಟ್ಟಿಗೆ ಸಿಡಿದ. "ಪತ್ರಕ್ಕಲ್ಲ ತಾಯೀ, ನೀವು ಗೆರೆ ಎಳೆದಿದ್ದು ನಮ್ಮೆಲ್ಲರ ಹಣೆಗೆ! ತಿಂಗಳಾನುಗಟ್ಟಲೆ ಓಡಾಡಿದ್ದು ನೀರಲ್ಲಿ ಹೋಮ. ಅಲ್ಲಿ ನೋಡಿ, ಆ ಟೈಗಳು ಹೇಗೆ ಹಲ್ಲು ಕಿಸೀತಿವೆ." ಅವನ ಅಂಗಿಯ ಬೆನ್ನಿನಲ್ಲಿ ಅಂಗೈಯಗಲ ಬೆವರು ಮೂಡಿ, ಸುಕ್ಕು ಬಿದ್ದಿತ್ತು. ಅವನೂ ಮನುಷ್ಯನೇ ಅನ್ನಿಸಿ ಅವಳಿಗೆ ಒಂದು ಗಳಿಗೆ ಪಾಪ ಅನ್ನಿಸಿತು.

"ಸಾಕು ಬಿಡ್ರೀ" ಎಂದು ಡಾಕ್ಟರು ಅವನನ್ನು ಮುಂದೆ ಕಳಿಸಿದರು. ತಾವು ಹೋಗಲಿಲ್ಲ. ಕಾರಿಡಾರಿನ ಕಿಟಕಿಯಿಂದ ಕೆಳಗಿನ ರಸ್ತೆ ನೋಡುತ್ತ ನಿಂತರು.

"ಅವತ್ತು ಕೈ ಊದಿದೆ ಅಂತ ಮಾತ್ರ ಅಂದ್ರಿ. ಇಪ್ಪತ್ತು ನಿಮಿಷ ಅಂತ ನನಗ್ಯಾಕಮ್ಮ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ ಸರ್. ಕೇಳಿದ್ರೂ ಹೇಳ್ತಿದ್ನೋ ಇಲ್ವೋ. ನೀವೇ ಬಿಡುವಿಲ್ದೆ ಸಾಯ್ತಿರ್ತೀರಿ."

ಅವರು ತಲೆಯಾಡಿಸಿದರು. "ಭಾನುವಾರಕ್ಕೆ ಇನ್ನೊಬ್ಬರನ್ನ ಹುಡುಕೋಣ. ನಿಯಮ ಬರ್ಲಿ, ಬಿಡ್ಲಿ" ಎಂದರು. ಮೆಟ್ಟಿಲಿಗೆ ಹೋದವರು ತಿರುಗಿ, "ನಾಳೆ ಡ್ಯೂಟಿಗೆ ಬರ್ತೀರಲ್ಲ ಸಿಸ್ಟರ್?" ಅಂದರು. ದನಿಯಲ್ಲಿ ಸಣ್ಣ ಅಳುಕಿತ್ತು.

"ಬರ್ದೆ ಇನ್ನೆಲ್ಲಿಗೆ ಹೋಗ್ಲಿ ಸರ್."

ಕಾರಿಡಾರು ಖಾಲಿಯಾಯಿತು. ಅವಳು ಬೆಂಚಿನ ಮೇಲೆ ಕೂತಳು. ಮಗಳು ಎದುರಿಗೆ ಬಂದು ನಿಂತಳು. ಒಂದು ಪಕ್ಕ ಜಡೆ, ಇನ್ನೊಂದು ಪಕ್ಕದ ಬಿಚ್ಚುಗೂದಲು ಕೆನ್ನೆಗೆ ಅಂಟಿತ್ತು. ಕರೆಯಲಿಲ್ಲ, ಮಾತಾಡಲಿಲ್ಲ. ಸುಮ್ಮನೆ ನಿಂತಳು, ಟವೆಲಿಗೆ ನಿಲ್ಲುವ ಹಾಗೆ.

"ಬಾ. ಇದೊಂದು ಮುಗಿಸ್ಬಿಡೋಣ. ನೋಡಿದೋರು ಏನಂದ್ಕೊಂಡ್ರೋ, ಅರ್ಧಂಬರ್ಧ ಮಗು ಅಂತ."

ಮಗಳು ತಿರುಗಿ ಅವಳ ಮೊಣಕಾಲುಗಳ ನಡುವೆ ಬೆನ್ನು ಕೊಟ್ಟು ಕೂತಳು. ಬಾಚಣಿಗೆ ತಂದಿರಲಿಲ್ಲ. ಬೆರಳಲ್ಲೇ ಸಿಕ್ಕು ಬಿಡಿಸಿ, ಮೂರು ಎಳೆ ಮಾಡಿ, ಒಂದರ ಮೇಲೊಂದು ಹಾಕತೊಡಗಿದಳು. ಮಗುವಿನ ಬಲಗೈ ತೊಡೆಯ ಮೇಲಿತ್ತು. ಊದಿದ್ದ ಕೈ. ಸೂಜಿ ಚುಚ್ಚಿದ ಗುರುತು ಕೂಡ ಈಗ ಉಳಿದಿರಲಿಲ್ಲ.

ಜಡೆ ಅರ್ಧಕ್ಕೆ ಬಂದಾಗ ಬೆರಳಿನಡಿ ಆ ಪುಟ್ಟ ಕತ್ತು ಬಿಗಿಯಾದದ್ದು ಅವಳಿಗೆ ತಿಳಿಯಿತು. ಮಗಳು ಉಸಿರು ಎಳೆದುಕೊಂಡಳು. ಈ ಸಲ ಯಾವ ಫೋನೂ ಹೊಡೆದುಕೊಳ್ಳಲಿಲ್ಲ. ಹೊಡೆದುಕೊಂಡಿದ್ದರೂ ಅವಳು ಎತ್ತುತ್ತಿರಲಿಲ್ಲ. ಬೆರಳು ನಿಲ್ಲಿಸದೆ, ಬಿಡದೆ, ಕಾದಳು.

"ಅಮ್ಮ," ಎದುರಿನ ಗೋಡೆಗೆ ಹೇಳುವ ಹಾಗೆ ಹೇಳಿದಳು ಮಗಳು, "ಬೋರ್ಡಲ್ಲಿ ಹನ್ನೊಂದು ಹತ್ಕೊಂಡಾಗ, ಕರೀತಿರೋದು ನಾನು ಅಂತ ನಿಂಗೆ ಗೊತ್ತಿತ್ತಾ?"